ಕನ್ನಡದೊಳಗೊಂದು ಪೌಂಡು: ಡಿಟಿಪಿ ಕಂಪ್ಯೂಟರಿನ ಸಂದರ್ಶನ

ಬಸವನ ಬಾಗೇವಾಡಿಯಲ್ಲಿ ಒಂದು ಅಂಗಡಿ. ಝೆರಾಕ್ಸ್, ಲ್ಯಾಮಿನೇಷನ್, ಲಗ್ನಪತ್ರಿಕೆ, ಪಿಎಚ್‌ಡಿ ಎಲ್ಲವೂ ಒಂದೇ ಬೋರ್ಡಿನ ಮೇಲಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಸಂಶೋಧಕರ ಮಹಾಪ್ರಬಂಧಗಳು ಇಲ್ಲಿನ ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿವೆ. ಕರೆಂಟು ಇದ್ದ ಹೊತ್ತು ನೋಡಿ ಅದನ್ನು ಮಾತಾಡಿಸಿದೆವು.

ಯಜಮಾನರೇ, ಪಿಎಚ್‌ಡಿ ಕೆಲಸ ಹೇಗಿದೆ?

ಲಗ್ನಪತ್ರಿಕಿಗಿಂತ ತ್ರಾಸ ಐತ್ರಿ. ಲಗ್ನಪತ್ರಿಕ್ಯಾಗ ತಪ್ಪಾದ್ರ ಬೀಗರು ಬೈತಾರ, ಅಷ್ಟ. ಇಲ್ಲಿ ಎಡಗಡಿ ಅಂಚು ಒಂದೂವರಿ ಇಂಚಿಗೆ ಒಂಚೂರು ಕಡಿಮಿ ಬಿತ್ತಂದ್ರ ಐದು ವರ್ಷದ ಸಂಶೋಧನಾನ ವಾಪಸ್ ಬರ್ತೈತಿ.

ಅಂಚಿಗೆ ಅಷ್ಟು ಮಹತ್ವವೇ?

ಬೈಂಡಿಂಗ್‌ನಾಗ ಅಕ್ಷರ ಸಿಕ್ಕೊಬಾರದಂತ ಎಡಕ್ಕ ಜಾಗ ಬಿಡೂದು ಖರೇನ. ಆದ್ರ ಸ್ಕೇಲ್ ಹಚ್ಚಿ ಅಳಿಯೋರನ್ನೂ ನೋಡೀನಿ. ಅಂಚಿನ ಒಳಗ ಏನು ಬರದದ ಅಂತ ಅಳಿಯೂ ಸ್ಕೇಲ್ ಮಾತ್ರ ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಉಲ್ಲೇಖ ಪದ್ಧತಿ ಯಾವುದು ಬಳಸುತ್ತೀರಿ?

ನಾ ಏನು ಬಳಸಲಿ, ಹುಡುಗರು ಹೇಳಿದ್ದು. ಒಬ್ಬ ಎಂಎಲ್‌ಎ ಅಂತಾನ. ನಾ ಮೊದಲಿಗೆ ನಮ್ಮ ಶಾಸಕರ ಶಿಫಾರಸು ತಂದಾನೇನೋ ಅಂದ್ಕೊಂಡಿದ್ದೆ. ಇನ್ನೊಬ್ಬ ಎಪಿಎ ಅಂತಾನ. ಅದು ಅಮೆರಿಕಾದ ಮನಶ್ಶಾಸ್ತ್ರದವರು ತಮ್ಮ ಅನುಕೂಲಕ್ಕ ಮಾಡ್ಕೊಂಡ ನೇಮ. 1929ರಾಗ ಏಳು ಪುಟದ ಲೇಖನ ಇತ್ತು, ಈಗ ನಾಕುನೂರು ಪುಟ ದಾಟೇತಿ. ಅದನ್ನ ಓದಿ ಮುಗಿಸೂದಕ್ಕ ಬ್ಯಾರೆ ಪಿಎಚ್‌ಡಿ ಬೇಕು.

ವಚನ ಸಾಹಿತ್ಯಕ್ಕೆ ಅದು ಹೊಂದುತ್ತದೆಯೇ?

ನೀವ ನೋಡ್ರಿ. ಹೆಸರು, ಮುಂದ ಪ್ರಕಟಣಿ ವರ್ಷ ಹಾಕು ಅಂತೈತಿ. ನಮ್ಮ ಹುಡುಗ ಸಮಗ್ರ ವಚನ ಸಂಪುಟ ಮುಂದಿಟ್ಕೊಂಡು 'ಬಸವಣ್ಣ, 1993' ಅಂತ ಹೊಡಸಿದ. ಹುಟ್ಟಿದ ಊರಾಗ ಕುಂತು ಬಸವಣ್ಣನವರನ್ನ ಎಂಟುನೂರು ವರ್ಷ ಈಚೆ ತಂದು ಕೂಡ್ಸಿದಂಗಾತು. ಅಮೆರಿಕಾದವರ ನೇಮದಾಗ ಮೂಲ ಕಾಲಾನೂ ಹಾಕಾಕ ದಾರಿ ಐತಿ, ಆದ್ರ ಅಲ್ಲೀತನಕ ಓದೋರು ಯಾರು? ಹೆಸರಿನ ಫಜೀತಿ ಇನ್ನೊಂದು. ಕಡೀ ಹೆಸರು ಮೊದಲು ಬರಬೇಕಂತ. ಕಲಬುರ್ಗಿ, ಎಂ. ಎಂ. ಅಂದ್ರ ನಡೀತೈತಿ, ನಮ್ಮ ಕಡೆ ಅಡ್ಡಹೆಸರು ಹಿಂದ ಇರೂದು ರೂಢಿ. ಆದ್ರ 'ಪ್ರಭು, ಅಲ್ಲಮ' ಅಂದ್ರ ಯಾರ ಮನೀ ಮಗಾ? 'ಮಹಾದೇವಿ, ಅಕ್ಕ' ಅಂತ ಬರಸಿ ಆ ತಾಯೀನ್ನ ಅಲ್ಪವಿರಾಮದ ಹಿಂದ ನಿಲ್ಲಿಸ್ಯಾರ. ವಚನಕಾರರಿಗೆ ಇದ್ಯಾವುದೂ ಬೇಕಾಗಿದ್ದಿಲ್ಲ. ಕೂಡಲಸಂಗಮದೇವ ಅಂತ ಅಂಕಿತ ಬಂತಂದ್ರ ಯಾರ ವಚನ ಅಂತ ಕುರಿ ಕಾಯೂ ಹುಡುಗನೂ ಹೇಳ್ತಾನ.

ಕೃತಿಚೌರ್ಯದ ತಪಾಸಣೆ ಬಂದಿದೆಯಲ್ಲ?

ಬಂದೈತಿ. ಯುಜಿಸಿ 2018ರಾಗ ನಿಯಮ ಮಾಡೇತಿ. ಬ್ಯಾರೆಯವರ ಬರಹದ ಹೋಲಿಕಿ ಶೇಕಡಾ 10ರ ಒಳಗಿದ್ರ ದಂಡ ಇಲ್ಲ, 60 ದಾಟಿದ್ರ ನೋಂದಣಿನ ರದ್ದು. ಆದ್ರ ನನ್ನೊಳಗಿನ ಗುಟ್ಟು ಕೇಳ್ರಿ. ನಮ್ಮ ಅಂಗಡ್ಯಾಗ ಇನ್ನೂ ಹಳೇ ಆಸ್ಕಿ ಫಾಂಟ್ ನಡೀತಾವ. ಪರದೆ ಮ್ಯಾಲ ಕಾಣೂದು ಕನ್ನಡ, ಒಳಗಿರೂದು ಇಂಗ್ಲಿಷ್ ಸಂಕೇತ. 'ಕನ್ನಡ' ಅಂತ ಹೊಡದು ಫಾಂಟ್ ತೆಗದು ನೋಡ್ರಿ: ಮೊದಲು ಒಂದು ಪಿ, ಆಮ್ಯಾಲ ತಲೀ ಮ್ಯಾಲ ಗೆರಿ ಹೊತ್ತ ಎ, ಅದರ ಬಾಜೂಕ ಬ್ರಿಟಿಷರ ಪೌಂಡ್ ಚಿಹ್ನೆ! ಯಂತ್ರ ಏನು ಹಿಡೀತೈತ್ರಿ, ಪೌಂಡ್ ಎಣಿಸ್ತೈತಿ. ಕದ್ದವನೂ ಪಾರು, ಕಷ್ಟಪಟ್ಟವನೂ ಅದರ ಸಾಲಿನ್ಯಾಗ.

ಹಾಗಾದರೆ ಆ ಫಾಂಟ್ ತಂದ ನುಡಿ ತಂತ್ರಾಂಶದ ತಪ್ಪೇ?

ಹಂಗನಬ್ಯಾಡ್ರಿ, ಪಾಪ ಬರ್ತೈತಿ. ಕನ್ನಡ ಗಣಕ ಪರಿಷತ್ತಿನವರು ನುಡಿ ಕೊಡದಿದ್ರ, ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶ ಮಾಡದಿದ್ರ ಊರೂರಿಗೆ ಕನ್ನಡ ಟೈಪಿಂಗ್ ಎಲ್ಲಿಂದ ಬರ್ತಿತ್ತು? ತಪ್ಪು ನಮ್ಮದು. ನನ್ನ ಹೊಟ್ಟ್ಯಾಗಿರೂ ಪುಟ ಜೋಡಿಸೂ ತಂತ್ರಾಂಶ ಪೇಜ್‌ಮೇಕರ್ 7, 2001ರ ಆವೃತ್ತಿ. ಅದರ ಮುಂದ ಆ ತಂತ್ರಾಂಶದ ದೊಡ್ಡ ಹೊಸ ಆವೃತ್ತಿನ ಬರಲಿಲ್ಲ. ಕನ್ನಡ ಅಕ್ಷರಕ್ಕ ಕನ್ನಡದ್ದ ಸಂಕೇತ ಕೊಡೂ ಯುನಿಕೋಡ್ ಅಂದ್ರ ಅದಕ್ಕ ಗೊತ್ತಿಲ್ಲ. ಮಾಲಕಗ ಕೈ ರೂಢಿ ಆಗೇತಿ, ಬಿಡವಲ್ಲ.

ಪ್ರಬಂಧಗಳೆಲ್ಲ ಶೋಧಗಂಗಾಕ್ಕೆ ಹೋಗುತ್ತವಲ್ಲ?

ಹೋಗ್ತಾವ. ಇನ್‌ಫ್ಲಿಬ್‌ನೆಟ್‌ನವರು ಗಾಂಧಿನಗರದಾಗ ಕುಂತು ದೇಶದ ಪ್ರಬಂಧ ಎಲ್ಲಾ ಕೂಡಿಹಾಕ್ತಾರ. ನಮ್ಮ ಆಸ್ಕಿ ಪ್ರಬಂಧದೊಳಗ 'ಅನುಭವ ಮಂಟಪ' ಅಂತ ಹುಡುಕ್ರಿ. ಸಿಗೂದಿಲ್ಲ. ನೂರು ಸಲ ಬರದಿರ್ತಾರ, ಒಂದೂ ಸಿಗೂದಿಲ್ಲ. ಗಂಗಿಯೊಳಗ ಮುಳುಗಿದ್ದು ಮುಳುಗಿದಂಗ.

ಲೇಟೆಕ್ ಎಂಬ ಅಕ್ಷರ ಜೋಡಣೆ ತಂತ್ರಾಂಶದ ಹೆಸರು ಕೇಳಿದ್ದೀರಾ?

ಕೇಳೀನ್ರಿ. ಅದರ ಬುನಾದಿ ಟೆಕ್. ಡೊನಾಲ್ಡ್ ಕನೂತ್ ಅಂತ ಅಮೆರಿಕಾದ ಗಣಕಶಾಸ್ತ್ರದ ಪ್ರಾಧ್ಯಾಪಕರು. 1977ರಾಗ ತಮ್ಮ ಪುಸ್ತಕದ ಪ್ರೂಫ್ ನೋಡಿ ಬ್ಯಾಸರಾಗಿ, ಅಕ್ಷರ ಜೋಡಣಿ ನಾನ ಮಾಡ್ಕೊಂತೀನಿ ಅಂತ ಕುಂತ್ರು. ನಮ್ಮ ಫ. ಗು. ಹಳಕಟ್ಟಿಯವರೂ ಅದ ಜಾತಿ ಮನಿಷ್ಯಾರು. ಮನಿಮನಿ ತಿರುಗಿ ವಚನದ ತಾಡೋಲಿ ಕೂಡಿಸಿದ್ರು, 1923ರಾಗ ವಚನಶಾಸ್ತ್ರಸಾರದ ಮೊದಲನೇ ಭಾಗ ಬೆಳಗಾವ್ಯಾಗ ಅಚ್ಚಾತು, ಆಮ್ಯಾಲ ಸ್ವಂತ ಮನೀನ ಮಾರಿ 1925ರಾಗ ವಿಜಯಪುರದಾಗ ಹಿತಚಿಂತಕ ಪ್ರೆಸ್ ಹಾಕಿದ್ರು. ಅವರಿಗೆ ಅಂಚಿನ ನಿಯಮ ಯಾರು ಕೊಟ್ಟಿದ್ರು? ಇನ್ನ ಲೇಟೆಕ್ಕಿನ ಗುಣ ಅಂದ್ರ, ಒಂದು ಸಾಲು ಬದಲಿ ಮಾಡಿದ್ರ ಉಲ್ಲೇಖ ಎಲ್ಲಾ ತಾವ ಹೊಸ ಪದ್ಧತಿಗೆ ತಿರುಗ್ತಾವ. ಅದರ ಬಳಗದ ಝೀಟೆಕ್ ಇದ್ರ ಯುನಿಕೋಡ್ ಕನ್ನಡಾನೂ ಚಂದ ಕೂಡ್ತೈತಿ. ದುಡ್ಡೂ ಬೇಡ. ಆದ್ರ ನಮ್ಮ ಅಂಗಡ್ಯಾಗ ಲೇಟೆಕ್ಕಿಗೆ ಪ್ರವೇಶ ಇಲ್ಲ. ಒಂದೊಂದು ಅಲ್ಪವಿರಾಮ ತಿದ್ದೂದಕ್ಕ ಪುಟದ ಲೆಕ್ಕದಾಗ ರೊಕ್ಕ ಬರ್ತೈತಲ್ಲ.

ಪ್ರಬಂಧ ಬರೆಯುವವರಿಗೆ ಏನು ಹೇಳುತ್ತೀರಿ?

ಮೊದಲನೇ ಪುಟ ಟೈಪ್ ಮಾಡಿಸೂ ದಿನಾನ 'ಯುನಿಕೋಡಿನ್ಯಾಗ ಬೇಕು' ಅಂತ ಅಂಗಡಿಯವನಿಗೆ ಹೇಳ್ರಿ. ಆಗೂದಿಲ್ಲ ಅಂದ್ರ ನಂಬಬ್ಯಾಡ್ರಿ, ನುಡಿಯೊಳಗನ ಯುನಿಕೋಡ್ ಐತಿ. ವಿಶ್ವವಿದ್ಯಾಲಯದವರೂ ನಿಯಮದ ಪುಸ್ತಕದಾಗ ಇದೊಂದು ಸಾಲು ಸೇರಿಸಲಿ. ಸೇರಿಸಿದ್ರ ಅಂಚು ಅರ್ಧ ಇಂಚು ಹೆಚ್ಚುಕಡಿಮಿ ಆದ್ರೂ ನಡೀತೈತಿ.