ಸಾಹೇಬರ ಮನೆದೇವರು ಯಾವುದು?

ಮೈಸೂರಿನ ರಾಮಕೃಷ್ಣನಗರದಲ್ಲಿ ಇಂಗ್ಲಿಷರನ್ನು ಬೈಯುವುದಕ್ಕೆ ಗೊತ್ತಾದ ಹೊತ್ತೊಂದಿದೆ. ಬೆಳಗಿನ ಆರೂವರೆ. ಲಿಂಗಾಂಬುಧಿ ಕೆರೆಯ ಪಕ್ಕ ನಡೆದು ಬೆವರಿದ ನಿವೃತ್ತರು ಬೆಂಚಿನ ಮೇಲೆ ಕೂತರೆಂದರೆ ಕಂಪನಿ ಸರ್ಕಾರಕ್ಕೆ ಉಳಿಗಾಲವಿಲ್ಲ. ಹೇಳದೆ ಕೇಳದೆ ಬಂದರು, ಕಾಡು ಕಡಿದರು, ತೋಟ ಮಾಡಿಕೊಂಡರು, ಬಂಗಲೆ ಕಟ್ಟಿಕೊಂಡರು, ಕ್ಲಬ್ಬಿನ ಹೊಸ್ತಿಲು ತುಳಿಯಲು ನಮ್ಮವರನ್ನು ಬಿಡಲಿಲ್ಲ. ಎಲ್ಲವೂ ನಿಜ. ಅಷ್ಟರಲ್ಲಿ ಏಳು ಗಂಟೆಯಾಗುತ್ತದೆ, ಸಿಯಾಟಲ್‌ನಲ್ಲಿ ಸಂಜೆಯಾಗಿರುತ್ತದೆ, ಯಾರದೋ ಮೊಬೈಲು ಟುಂಯ್ ಎನ್ನುತ್ತದೆ. ಮಗ ಹೊಸ ಮನೆಯ ಫೋಟೊ ಕಳಿಸಿದ್ದಾನೆ. ವಸಾಹತುಶಾಹಿ ಅಲ್ಲಿಗೆ ಬರಖಾಸ್ತು. ಹಿತ್ತಲು ಎಷ್ಟು ಅಡಿ, ಗ್ಯಾರೇಜಿನಲ್ಲಿ ಕಾರು ಎಷ್ಟು ಎಂಬ ವಿಚಾರಣೆ ಶುರು.

ಇವರ ಬೈಗುಳದ ಪಟ್ಟಿಯಲ್ಲಿ ರಾಬರ್ಟ್ ಎಲಿಯಟ್ ಎಂಬವನ ಹೆಸರಿಲ್ಲದಿರುವುದು ನನಗೆ ಬೇಸರದ ಸಂಗತಿ. ಸ್ಕಾಟ್ಲೆಂಡಿನ ಜಮೀನುದಾರರ ಮನೆಯವನು. ಸ್ಕಾಟ್ಲೆಂಡು ಬೇರೆ, ಇಂಗ್ಲೆಂಡು ಬೇರೆ ಎಂದು ತಕರಾರು ತೆಗೆಯಬೇಡಿ, ನಮ್ಮ ಕಡೆ ಬಿಳಿ ತೊಗಲಿನವರೆಲ್ಲ ಇಂಗ್ಲಿಷರೇ. 1837ರಲ್ಲಿ ಹುಟ್ಟಿದ ಈತ 1856ರ ಹೊತ್ತಿಗೆ, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ, ಮಂಜರಾಬಾದಿಗೆ ಅಂದರೆ ಈಗಿನ ಸಕಲೇಶಪುರದ ಸೀಮೆಗೆ ಬಂದಿಳಿದ. ಅರಸರಿದ್ದದ್ದು ಮೈಸೂರಿನ ಅರಮನೆಯಲ್ಲಿ, ಅಧಿಕಾರವಿದ್ದದ್ದು ಬೆಂಗಳೂರಿನ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿ. ಹುಡುಗನಿಗೆ ಕನ್ನಡ ಬರುತ್ತದೆಯೇ ಎಂದು ಯಾರೂ ಪರೀಕ್ಷೆ ಇಡಲಿಲ್ಲ. ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟ್ ತಾ ಎನ್ನಲಿಲ್ಲ. ಕಾಫಿ ಬೆಳೆಯದ ದೇಶದಿಂದ ಕಾಫಿ ಬೆಳೆಯಲು ಬಂದಿದ್ದೀಯಲ್ಲ, ಅನುಭವದ ಸರ್ಟಿಫಿಕೇಟ್ ಎಲ್ಲಿ ಎಂದು ಯಾವ ಗುಮಾಸ್ತನೂ ಕೇಳಲಿಲ್ಲ. ಕಾಡು ಬೇಕೆಂದು ಅರ್ಜಿ ಹಾಕಿದರೆ ಕಾಡು ಸಿಗುತ್ತಿದ್ದ ಕಾಲ ಅದು. ನೆಲಕ್ಕೆ ಕಂದಾಯವಿಲ್ಲ, ಬೆಳೆದ ಕಾಫಿಯ ತೂಕದ ಮೇಲೆ ‘ಹಾಲತ್’ ಎಂಬ ಸುಂಕ ಕಟ್ಟಿದರಾಯಿತು.

ಇದನ್ನು ನಮ್ಮ ಎದುರು ಮನೆಯ ಹುಡುಗನ ಪಾಡಿಗೆ ಹೋಲಿಸಿ ನೋಡಿ. ಅಮೆರಿಕದಲ್ಲಿ ಕೆಲಸ ಮಾಡಲು ವರ್ಷಕ್ಕೆ 85,000 ಎಚ್-1ಬಿ ವೀಸಾ, ಅದಕ್ಕೆ ಲಾಟರಿ. ಲಾಟರಿ ಹೊಡೆದು ಹೋದರೆ, ಗ್ರೀನ್ ಕಾರ್ಡಿನಲ್ಲಿ ಯಾವೊಂದು ದೇಶಕ್ಕೂ ಶೇಕಡ 7ಕ್ಕಿಂತ ಹೆಚ್ಚು ಪಾಲಿಲ್ಲ, ಹಾಗಾಗಿ ಸರದಿ ಬರುವುದರೊಳಗೆ ತಲೆ ನರೆಯುತ್ತದೆ. ಕೆಲಸ ಹೋದರೆ 60 ದಿನದೊಳಗೆ ಇನ್ನೊಬ್ಬ ಧಣಿಯನ್ನು ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಸಾಹೇಬರು ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದು ಬಾಗಿಲಿಗೆ ಚಿಲಕ ಹಾಕಿದರು. ಅಂದು ಕೆರೆಯ ಬೆಂಚಿನ ಮೇಲೆ ಇಂಗ್ಲಿಷರಿಗೆ ಬಿಡುವು ಸಿಕ್ಕಿತ್ತು.

ಇಷ್ಟಾಗಿಯೂ ಎದುರು ಮನೆಯ ಹುಡುಗ ತನ್ನನ್ನು ಎಲಿಯಟ್ ಸಾಹೇಬನ ಸಾಲಿನಲ್ಲೇ ನಿಲ್ಲಿಸಿಕೊಳ್ಳುತ್ತಾನೆ. ಹೊಸ ನಾಡಿಗೆ ಹೋದ ಸಾಹಸಿ, ಸ್ವಂತ ಬಲದಿಂದ ಮೇಲೆ ಬಂದವನು, ಇತ್ಯಾದಿ. ತೋಟದ ದಾಖಲೆ ತೆರೆದರೆ ಅವನಿಗೆ ಹತ್ತಿರವಾದವರು ಬೇರೆ ಇದ್ದಾರೆ. ಮೇಸ್ತ್ರಿಯ ಕೈಯಿಂದ ಮುಂಗಡ ತೆಗೆದುಕೊಂಡು ಲೈನ್ ಮನೆಗೆ ಬಂದ ಕೂಲಿಯಾಳುಗಳು. ಮುಂಗಡ ಪಡೆದು ಕೆಲಸ ಬಿಟ್ಟು ಓಡಿದವನನ್ನು ಜೈಲಿಗೆ ಹಾಕಲು 1859ರಲ್ಲೇ ಬ್ರಿಟಿಷರು ಕಾಯ್ದೆ ಮಾಡಿದ್ದರು, ಅದು ರದ್ದಾದದ್ದು 1925ರಲ್ಲಿ. ಧಣಿಯನ್ನು ಬಿಟ್ಟರೆ ದೇಶವನ್ನೇ ಬಿಡಬೇಕಾದವನು ಸಾಹೇಬನ ಪೈಕಿಯೋ ಲೈನ್ ಮನೆಯವರ ಪೈಕಿಯೋ, ನೀವೇ ಹೇಳಿ. ನಾನು ಈ ಮಾತನ್ನು ಅವನ ತಾಯಿಯ ಎದುರು ಆಡಿಲ್ಲ. ದಸರೆಯ ಕೋಡುಬಳೆ ಅವರ ಮನೆಯಿಂದಲೇ ಬರುತ್ತದೆ.

ಎಲಿಯಟ್ ಕಾಫಿಯ ವಿಷಯದಲ್ಲಿ ದಡ್ಡನಲ್ಲ. ಬೋರರ್ ಹುಳು ಹೊಕ್ಕು ಮೈಸೂರು ಸೀಮೆಯ ಹಳೆಯ ‘ಚಿಕ್’ ತಳಿ ನೆಲ ಕಚ್ಚಿದಾಗ ಕೊಡಗಿನ ಬೀಜ ತಂದು ತೋಟ ಉಳಿಸಿಕೊಂಡವರಲ್ಲಿ ಅವನೂ ಒಬ್ಬ. ನೆರಳಿನ ಮರಗಳ ಬಗ್ಗೆ ಪುಟಗಟ್ಟಲೆ ಬರೆದ. ಆಮೇಲೆ, ತೋಟದಲ್ಲಿ ನಾಲ್ಕು ಕಾಸು ಕಂಡ ಸಾಹೇಬರೆಲ್ಲರಂತೆ, ಬೆಳೆಗಿಂತ ಬುದ್ಧಿವಾದ ಹೆಚ್ಚು ಬೆಳೆಯತೊಡಗಿದ. 1871ರಲ್ಲಿ ಎರಡು ಸಂಪುಟ. 1894ರಲ್ಲಿ, 38 ವರ್ಷಗಳ ಅನುಭವ ಎಂದು ಹೇಳಿಕೊಂಡು, ಮತ್ತೊಂದು ದಪ್ಪ ಪುಸ್ತಕ: ಚಿನ್ನ, ಬೇಟೆ, ಕಾಫಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ, ಕಾಂಗ್ರೆಸ್ಸು, ಕೊನೆಗೆ ಜಾತಿ.

ಜಾತಿಯ ಮೇಲೆ ಸಾಹೇಬನಿಗೆ ಎಲ್ಲಿಲ್ಲದ ಮಮಕಾರ. ಹಳ್ಳಿಯವರನ್ನು ಕುಡಿತದಿಂದ, ನಡತೆಗೇಡಿತನದಿಂದ ಕಾಪಾಡಿರುವುದೇ ಜಾತಿ, ಅದನ್ನು ಕೀಳಲು ಹೊರಟ ಪಾದ್ರಿಗಳು ತಪ್ಪು ಮಾಡುತ್ತಿದ್ದಾರೆ ಎಂಬುದು ಅವನ ವಾದ. ಕ್ರಿಸ್ತನ ಮಗುವಾಗಿ ಹುಟ್ಟಿ ಮನುವಿನ ವಕಾಲತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ಕೂಲಿಯವನ ಮಗ ಕೂಲಿಯವನೇ ಆಗುವ ವ್ಯವಸ್ಥೆಯೊಂದು ತಾನು ಬರುವ ಮೊದಲೇ ತಯಾರಾಗಿ ನಿಂತಿದ್ದರೆ ತೋಟದ ಧಣಿಗೆ ಇನ್ನೇನು ಬೇಕು? ಕಾಡನ್ನು ಕಡಿಸಬೇಕಾಯಿತು, ಇದನ್ನು ಕಡಿಸಬೇಕಾಗಲಿಲ್ಲ. ಸಂಬಳವಿಲ್ಲದ ಮೇಸ್ತ್ರಿ.

ಈಗ ಸಿಯಾಟಲ್‌ಗೆ ಬನ್ನಿ. 1971ರಲ್ಲಿ ಸ್ಟಾರ್‌ಬಕ್ಸ್ ಹುಟ್ಟಿದ ಊರು. ಅಂಥ ಊರಿಗೂ ರಾಮಕೃಷ್ಣನಗರದಿಂದ ಶೇಕಡ 20 ಚಿಕೋರಿ ಬೆರೆಸಿದ ಕಾಫಿಪುಡಿ ಹೋಗುತ್ತದೆ. ಬಾಣಂತನಕ್ಕೆ ಹೊರಟ ತಾಯಿಯ ಸೂಟ್‌ಕೇಸಿನಲ್ಲಿ, ಸಾರಿನ ಪುಡಿ ಮತ್ತು ಫಿಲ್ಟರಿನ ನಡುವೆ, ಮೂರು ಪ್ಲಾಸ್ಟಿಕ್ ಕವರು ಸುತ್ತಿ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ಬಚ್ಚಿಟ್ಟು ತಂದರೆಂಬ ಐತಿಹ್ಯವಿದೆಯಲ್ಲ, ಆ ಸಾಲ ನಾವು ಹೀಗೆ ಬಡ್ಡಿ ಸಮೇತ ತೀರಿಸುತ್ತಿದ್ದೇವೆ. ಆದರೆ ಆ ಸೂಟ್‌ಕೇಸಿನಲ್ಲಿ ಕಸ್ಟಮ್ಸಿನ ಯಂತ್ರಕ್ಕೆ ಕಾಣದ ಇನ್ನೊಂದು ಪೊಟ್ಟಣವೂ ಇತ್ತೆಂಬುದು ಅಲ್ಲಿನವರಿಗೆ ಗೊತ್ತಾಗಲು ತಡವಾಯಿತು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿಭೇದವನ್ನು ಕಾನೂನಿನಿಂದ ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸನಸಭೆಯೂ ಅಂಥದೇ ಮಸೂದೆ ಪಾಸು ಮಾಡಿತು. ಅಕ್ಟೋಬರಿನಲ್ಲಿ ಗವರ್ನರ್ ನ್ಯೂಸಮ್, ಇರುವ ಕಾನೂನೇ ಸಾಕೆಂದು ಸಹಿ ಹಾಕದೆ ವಾಪಸು ಮಾಡಿದರು. ನಮ್ಮ ಬೆಂಚಿನವರು ಎರಡೂ ಸಲ ಒಂದೇ ಮಾತು ಹೇಳಿದರು: ‘ಜಾತಿ ಎಲ್ರೀ ಇದೆ ಈಗ? ಎಲ್ಲಾ ಬ್ರಿಟಿಷರು ಹುಟ್ಟಿಹಾಕಿದ್ದು.’

ಬ್ರಿಟಿಷರು ಹುಟ್ಟಿಹಾಕಿದ್ದನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದಿರುವುದು ಬಹುಶಃ ಇದೊಂದನ್ನೇ. ಮೈಸೂರಿನಲ್ಲಿ ಅವರ ವೈಸರಾಯ್ ಹೆಸರು ಹೊತ್ತ ಲ್ಯಾನ್ಸ್‌ಡೌನ್ ಕಟ್ಟಡವನ್ನು ಕುಸಿಯಲು ಬಿಟ್ಟೆವು.

ಬಡಾವಣೆಗೆ ಹೆಸರು ರಾಮಕೃಷ್ಣ ಪರಮಹಂಸರದು. ಅವರು ಪೂಜೆ ಮಾಡಿದ ದಕ್ಷಿಣೇಶ್ವರದ ಕಾಳಿ ಗುಡಿ ಪ್ರತಿಷ್ಠೆಯಾದದ್ದು 1855ರಲ್ಲಿ, ಎಲಿಯಟ್ ಇತ್ತ ಬಂದ ಕಾಲದಲ್ಲೇ. ಕಟ್ಟಿಸಿದ ರಾಣಿ ರಾಸಮಣಿ ಶೂದ್ರಳೆಂದು ಬ್ರಾಹ್ಮಣರು ಪೂಜೆಗೆ ಒಪ್ಪಲಿಲ್ಲ. ಕೊನೆಗೆ ಒಪ್ಪಿದವರು ರಾಮಕೃಷ್ಣರ ಅಣ್ಣ. ಆ ಕುಟುಂಬದ ಹೆಸರು ಹೊತ್ತ ನಗರದಲ್ಲಿ ಸಂಜೆ ಒಂದು ಸುತ್ತು ಹಾಕಿ, ಗೇಟಿಗೆ ತಂತಿಯಲ್ಲಿ ಕಟ್ಟಿದ ರಟ್ಟುಗಳನ್ನು ಓದಿ: ‘ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ಮನೆ ಮಗನದು, ಮಗ ಸಿಯಾಟಲ್‌ನಲ್ಲಿ. ಅಲ್ಲಿ ಅವನು ಏನು ತಿನ್ನುತ್ತಾನೆಂದು ಕೇಳುವ ರಟ್ಟು ಇನ್ನೂ ಬಂದಿಲ್ಲ.

ರಟ್ಟಿಗೆ ಬೆದರದೆ ಒಳಗೆ ಬಂದವರಿಗೆ ಸಂದರ್ಶನವಿದೆ. ಮೊನ್ನೆ ನಮ್ಮ ಬೀದಿಯಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ. ನಿವೃತ್ತ ಎಂಜಿನಿಯರು, ತೀರ ಸಂಭಾವಿತರು, ಯಾವತ್ತೂ ‘ನೀವು ಯಾವ ಜನ’ ಎಂದು ಬಾಯಿಬಿಟ್ಟು ಕೇಳಿದವರಲ್ಲ. ಸಾಫ್ಟ್‌ವೇರ್ ಕೆಲಸದ ಹುಡುಗಿ, ಜೊತೆಗೆ ಬ್ರೋಕರು. ‘ಊರು ಯಾವುದಮ್ಮ?’ ಹೇಳಿದಳು. ‘ತಾಯಿ ಕಡೆ ಊರು?’ ಹೇಳಿದಳು. ‘ತಂದೆಯವರ ಪೂರ್ತಿ ಹೆಸರು?’ ಬರೀ ಇನಿಷಿಯಲ್ಲು, ಎಳೆದರೂ ಏನೂ ಉದುರಲಿಲ್ಲ. ಬ್ರೋಕರು ಚಾವಣಿ ನೋಡಿದ. ಎಂಜಿನಿಯರು ಕನ್ನಡಕ ಒರೆಸಿಕೊಂಡು ಕಡೆಯ ಅಸ್ತ್ರ ತೆಗೆದರು: ‘ಮನೆದೇವರು ಯಾವುದಮ್ಮ?’

‘ನಾವು ದೇವರನ್ನ ನಂಬೋದಿಲ್ಲ ಅಂಕಲ್.’

‘ಅಯ್ಯೋ, ನಂಬಲೇಬೇಕು ಅಂತ ಏನಿಲ್ಲಮ್ಮ. ಯಾವ ದೇವರನ್ನ ನಂಬೋದಿಲ್ಲ, ಅಷ್ಟು ಹೇಳಿದ್ರೆ ಸಾಕು.’