ದಾರದ ಇನ್ನೊಂದು ತುದಿ

ನಮ್ಮ ಹಿತ್ತಲಿಗೂ ಅಣ್ಣಯ್ಯನ ಚಕ್ಕೋತ ತೋಟಕ್ಕೂ ನಡುವೆ ಇರುವುದು ಎದೆಮಟ್ಟದ ಕಲ್ಲುಚಪ್ಪಡಿ ಬೇಲಿ. ಅದರ ಮೇಲೆ ಮೊಣಕೈ ಊರಿ ನಿಂತರೆ ಅರ್ಧ ಗಂಟೆ ಹೋಗಿದ್ದು ಗೊತ್ತಾಗುವುದಿಲ್ಲ. ಹೋದ ಭಾನುವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದ ಅಣ್ಣಯ್ಯ ಬಗ್ಗಿ ನೋಡಿ ಕೇಳಿದ: "ಏನಪ್ಪಾ, ನಿನ್ನ ತಂಗಿ ಮಗನ ಕಾರು ಹೊಸಾದು ಇದ್ದಂಗೈತೆ, ಟೈರ್ ಒಳಗಡೆ ತಂತಿ ಕಾಣ್ತೈತಲ್ಲ?"

ಕಾರು ಹೊಸದಲ್ಲ, ಸೆಕೆಂಡ್ ಹ್ಯಾಂಡ್ ಪೋರ್ಶೆ ಕೇಮನ್. ಎರಡೇ ಸೀಟು, ಎಂಜಿನ್ ಸೀಟಿನ ಬೆನ್ನ ಹಿಂದೆ. ಹುಡುಗ ಮುಂದಿನ ತಿಂಗಳು ಅದನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಒಯ್ಯಬೇಕೆಂದಿದ್ದಾನೆ. ಟೈರಿನ ಮೇಲ್ಮೈ ನೋಡಿದರೆ ಇನ್ನೂ ಎರಡು ವರ್ಷ ಬಾಳುವ ಹಾಗಿದೆ. ಒಳಅಂಚಿಗೆ ಕೈಯಾಡಿಸಿದರೆ ಮಾತ್ರ ತಂತಿ ಚುಚ್ಚುತ್ತದೆ. ಕಾರಿಗೆ ಅಲೈನ್‌ಮೆಂಟ್ ಮಾಡಿಸಿ ಆರೇ ತಿಂಗಳಾಗಿತ್ತು. ಮಾಡಿದ ಅಂಗಡಿಯವರು ಮುಂದಿನ ಎರಡು ಚಕ್ರ ಮಾತ್ರ ನೋಡಿ, ಸ್ಟೇರಿಂಗ್ ನೆಟ್ಟಗೆ ನಿಲ್ಲಿಸಿ ಕಳಿಸಿದ್ದರು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಹಾಳೆ ಕೊಡಲಿಲ್ಲ. ನಾವೂ ಕೇಳಲಿಲ್ಲ.

"ಚಕ್ರ ಒಳಕ್ಕೆ ವಾಲೈತೆ, ಅದಕ್ಕೇ ಸವೆದಿರಬೇಕು" ಎಂದ ಅಣ್ಣಯ್ಯ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಅದು ಒಳಅಂಚನ್ನು ಸವೆಸುವುದು ನಿಜ, ಆದರೆ ನಿಧಾನಕ್ಕೆ. ಟೈರನ್ನು ನಿಜವಾಗಿ ತಿನ್ನುವುದು ಟೋ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂಗು ಹತ್ತಿರ ಬಂದಿದೆಯೋ, ದೂರ ಹೋಗಿದೆಯೋ ಎನ್ನುವ ಲೆಕ್ಕ ಅದು. ರಿಮ್ಮಿನ ಮುಂದಂಚಿಗೂ ಹಿಂದಂಚಿಗೂ ಸುಮಾರು 500 ಮಿಲಿಮೀಟರ್ ಅಂತರ ಇಟ್ಟುಕೊಳ್ಳಿ. ಅಷ್ಟರಲ್ಲಿ 3 ಮಿಲಿಮೀಟರ್ ಸೊಟ್ಟ ಇದ್ದರೆ ಟೈರು ಪ್ರತಿ ಕಿಲೋಮೀಟರಿಗೆ 6 ಮೀಟರ್ ಪಕ್ಕಕ್ಕೆ ಉಜ್ಜಿಕೊಂಡು ಹೋದ ಹಾಗೆ. ಇಲ್ಲಿಂದ ದೊಡ್ಡಬಳ್ಳಾಪುರ 20 ಕಿಲೋಮೀಟರ್ ಅಂದರೆ 120 ಮೀಟರ್ ಉಜ್ಜಾಟ! ಅಣ್ಣಯ್ಯ ತನ್ನ ಚಪ್ಪಲಿ ಬಿಚ್ಚಿ ಅಡಿ ತೋರಿಸಿದ. ಬಲಗಾಲನ್ನು ಅವನು ಹೊರಕ್ಕೆ ತಿರುಗಿಸಿ ನಡೆಯುತ್ತಾನೆ, ಆ ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದಿತ್ತು. "ಇದೇ ಅಲ್ವಾ?" ಎಂದ. ಇದೇ.

ಅಂಗಡಿಗೆ ಮತ್ತೆ ಹೋಗುವ ಮನಸ್ಸಿರಲಿಲ್ಲ. ಮನೆಯಲ್ಲೇ ದಾರ ಕಟ್ಟಿ ಅಳೆಯೋಣ ಎಂದು ಹಿಂದಿನ ರಾತ್ರಿಯೇ ನಿರ್ಧರಿಸಿದ್ದೆ. ದಾರ ಎಂದಿದ್ದೇ ತಡ, ಅಣ್ಣಯ್ಯನ ಮುಖ ಅರಳಿತು. ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ನೆಡುವಾಗ ಆಚೆ ತುದಿಗೊಂದು ಗೂಟ, ಈಚೆ ತುದಿಗೊಂದು ಗೂಟ, ನಡುವೆ ನೈಲಾನ್ ದಾರ ಎಳೆದು ಸಾಲು ಹಿಡಿದವನು ಅವನು. ಅದೇ ದಾರದ ಉಂಡೆ ತಂದು ಬೇಲಿ ಸುತ್ತಿಕೊಂಡು ಈಚೆ ಬಂದ.

ಮೊದಲು ನೆಲ. ನಮ್ಮ ಶೆಡ್ಡಿನ ನೆಲ ಕಣ್ಣಿಗೆ ಸಮ. ಗಾರೆ ಕೆಲಸದವರ ಹಾಗೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಲೆವೆಲ್ ನೋಡಿದರೆ ಎಡ ಮುಂಚಕ್ರದ ಜಾಗ 1 ಸೆಂಟಿಮೀಟರ್ ತಗ್ಗು. ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಇರುವ ಕಾರಿನಲ್ಲಿ ಅಷ್ಟು ತಗ್ಗು ಸುಮಾರು 0.4 ಡಿಗ್ರಿ ಕ್ಯಾಂಬರ್ ಸುಳ್ಳು ಹೇಳಿಸುತ್ತದೆ. ನಾವು ಹಿಡಿಯಲು ಹೊರಟಿದ್ದೇ ಅರ್ಧ ಡಿಗ್ರಿ, ಕಾಲು ಡಿಗ್ರಿಯ ಲೆಕ್ಕ. ಮನೆ ಕಟ್ಟಿದಾಗ ಉಳಿದಿದ್ದ ನೆಲದ ಟೈಲ್ ಒಂದನ್ನು ಆ ಚಕ್ರದ ಅಡಿಗೆ ಕೊಟ್ಟು ಸರಿಮಾಡಿದೆವು. ಪ್ರತಿ ಚಕ್ರದ ಕೆಳಗೂ ಗ್ರೀಸ್ ಹಚ್ಚಿದ ಎರಡೆರಡು ತಗಡು ಇಟ್ಟೆವು. ಹೊಂದಿಸುವಾಗ ಟೈರು ನೆಲವನ್ನು ಕಚ್ಚಿಕೊಳ್ಳದೆ ಜಾರಬೇಕು, ಇಲ್ಲದಿದ್ದರೆ ಯಾವ ಅಳತೆಯೂ ನಿಲ್ಲುವುದಿಲ್ಲ.

ಆಮೇಲೆ ಗಾಳಿ. ಆಮೇಲೆ ತೂಕ. ಈ ತೂಕದ ವಿಷಯವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಡ್ರೈವರ್ ಕೂತಾಗ ಕಾರು ಒಂದು ಕಡೆ ತಗ್ಗುತ್ತದೆ, ತಗ್ಗಿದರೆ ಚಕ್ರದ ಕೋನ ಬದಲಾಗುತ್ತದೆ. ಹುಡುಗನ ತೂಕ 75 ಕೆ.ಜಿ. ಅಣ್ಣಯ್ಯನ ಮನೆಯಿಂದ 25 ಕೆ.ಜಿ.ಯ ಮೂರು ಅಕ್ಕಿ ಮೂಟೆ ಬಂದವು. ಎರಡು ಸೀಟಿನಲ್ಲಿ, ಒಂದು ಪೆಡಲ್ ಮುಂದೆ. ಈ ಕಾರಿನ ಪೆಟ್ರೋಲ್ ಟ್ಯಾಂಕು ಮುಂದಿದೆ, ಆದ್ದರಿಂದ ಅರ್ಧ ಟ್ಯಾಂಕ್ ಇರುವಂತೆ ನೋಡಿಕೊಂಡೆವು.

ದಾರ ಕಟ್ಟುವುದು ಕಾಣುವಷ್ಟು ಸುಲಭವಲ್ಲ. ಕಾರಿನ ಎರಡೂ ಪಕ್ಕ ಚಕ್ರದ ನಡುಮಟ್ಟಕ್ಕೆ ಒಂದೊಂದು ದಾರ ಹೋಗಬೇಕು, ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು. ಹಿಂದಿನ ಚಕ್ರಗಳ ಅಗಲವೂ ಮುಂದಿನದೂ ಒಂದೇ ಅಲ್ಲ, ಹಾಗಾಗಿ ದಾರವನ್ನು ಟೈರಿಗೆ ಒತ್ತಿ ಕಟ್ಟಿದರೆ ಕೆಟ್ಟಿತು. ಎಡಗಡೆ ಮುಂಚಕ್ರದ ನಡುವಿನಿಂದ ದಾರಕ್ಕೆ ಎಷ್ಟೋ ಬಲಗಡೆಯೂ ಅಷ್ಟೇ ಇರಬೇಕು. ಹಿಂದೆಯೂ ಹಾಗೇ. ನಾಲ್ಕೂ ಕಡೆ ಕೂಡಿಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಣ್ಣಯ್ಯ ಒಂದು ತುದಿ ಹಿಡಿದು ಒಂದು ಕಣ್ಣು ಮುಚ್ಚಿ, "ನಿನ್ ಕಡೆ ಒಂದು ನೂಲು ಒಳಕ್ಕೆ ತಗೋ" ಎನ್ನುತ್ತಿದ್ದ. ಸ್ಟೀಲ್ ಸ್ಕೇಲಿಟ್ಟು ನೋಡಿದರೆ ಅವನು ಹೇಳಿದಷ್ಟೇ ಇರುತ್ತಿತ್ತು. ಇಂಥ ಕಣ್ಣು ಯಾವ ಮೆಷೀನಿಗೂ ಕಡಿಮೆಯಲ್ಲ.

ಅಳೆದರೆ ಬಲ ಹಿಂಚಕ್ರ ಹೊರಕ್ಕೆ ತಿರುಗಿತ್ತು. ಕಾರು ಸ್ವಲ್ಪ ಓರೆಯಾಗಿ ಓಡುತ್ತಿತ್ತು, ಅದನ್ನು ಮುಚ್ಚಲು ಮುಂದಿನ ಚಕ್ರಗಳನ್ನು ತಿರುಗಿಸಿ ಸ್ಟೇರಿಂಗ್ ನೆಟ್ಟಗೆ ಮಾಡಿದ್ದರು. ಅದಕ್ಕೇ ಕೆಲಸ ಹಿಂದಿನಿಂದ ಶುರುವಾಗಬೇಕು. ಮೊದಲು ಕ್ಯಾಂಬರ್, ಟೋ ಯಾವಾಗಲೂ ಕೊನೆಗೆ. ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಇರುವ ಕಾರಿನಲ್ಲಿ ಕ್ಯಾಂಬರ್ ಮುಟ್ಟಿದರೆ ಟೋ ತಾನಾಗಿ ಸರಿಯುತ್ತದೆ. ಪ್ರತಿ ಸಲ ಬೋಲ್ಟ್ ಮುಟ್ಟಿದ ಮೇಲೂ ಕಾರನ್ನು ಅದುಮಿ ಕುಲುಕಿಸಿ, ಸಸ್ಪೆನ್ಷನ್ ಕೂರಿಸಿ, ಮತ್ತೆ ಅಳೆದೆವು.

ಚರ್ಚೆ ಕಾವೇರಿದ್ದು ಎಷ್ಟಿಡಬೇಕು ಎನ್ನುವಲ್ಲಿ. ಹುಡುಗನಿಗೆ ಮುಂದೆ ಎರಡೂವರೆ ಡಿಗ್ರಿ ಒಳವಾಲು ಬೇಕು, ಟೋ ತುಸು ಹೊರಕ್ಕೆ ಬೇಕು. ಟ್ರ್ಯಾಕಿಗೆ ಅವನು ಹೇಳುವುದು ಸರಿಯೇ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಟೈರು ಹೊರಅಂಚಿನ ಮೇಲೆ ಬೀಳುತ್ತದೆ. ಮೊದಲೇ ಒಳಕ್ಕೆ ವಾಲಿಸಿಟ್ಟಿದ್ದರೆ ಆಗ ಪೂರ್ತಿ ಅಗಲ ನೆಲಕ್ಕೆ ಕೂರುತ್ತದೆ. ಟೋ-ಔಟ್ ಇದ್ದರೆ ಮೂಗು ಚುರುಕಾಗಿ ತಿರುಗುತ್ತದೆ. ಆದರೆ ಆ ಟ್ರ್ಯಾಕಿನ ಒಂದು ಸುತ್ತು 3.7 ಕಿಲೋಮೀಟರ್, ಅಲ್ಲಿಗೆ ಹೋಗುವ ದಾರಿ ಸುಮಾರು 300 ಕಿಲೋಮೀಟರ್! ವಾಪಸ್ಸೂ ಅಷ್ಟೇ. ಲಾರಿಗಳು ಒತ್ತಿ ಗೆರೆ ಬಿದ್ದ ಹೆದ್ದಾರಿಯಲ್ಲಿ ಟೋ-ಔಟ್ ಕಾರು ಗೆರೆ ಹಿಡಿದು ಅತ್ತಿತ್ತ ಎಳೆಯುತ್ತದೆ. ನೇರ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಬೇಕಾದಾಗ ಹೆಚ್ಚು ವಾಲಿದ ಟೈರಿಗೆ ಹಿಡಿತವೂ ಕಡಿಮೆ.

ಅಣ್ಣಯ್ಯನಿಗೆ ಟ್ರ್ಯಾಕ್ ಹೊಸದಲ್ಲ. ಪ್ರಾಯದಲ್ಲಿ ಮದ್ರಾಸಿಗೆ ದ್ರಾಕ್ಷಿ ಲಾರಿ ಓಡಿಸುತ್ತಿದ್ದಾಗ ಶೋಲಾವರಂನ ಹಳೆಯ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ರೇಸ್ ನೋಡಿದ್ದನಂತೆ. ಇರುಂಗಾಟ್ಟುಕೋಟೈ ಟ್ರ್ಯಾಕ್ ಆಗಿದ್ದು 1990ರಲ್ಲಿ. ಅದಕ್ಕೂ ಮುಂಚಿನ ಮಾತು. "ಅಲ್ಲಿ ಎದುರುಗಡೆ ಎತ್ತಿನ ಗಾಡಿ ಬರಲ್ಲ ಕಣಪ್ಪ. ಇಲ್ಲಿ ಬರ್ತೈತೆ" ಎಂದ ಹುಡುಗನಿಗೆ. ಅವನು ಸುಮ್ಮನಾದ.

ಕೊನೆಗೆ ಮುಂದಿನ ಸ್ಟ್ರಟ್ಟಿನ ತಲೆಯನ್ನು ಅದರ ಸೀಳಿನಲ್ಲಿ ಎಷ್ಟಾಗುತ್ತೋ ಅಷ್ಟು ಒಳಕ್ಕೆ ತಳ್ಳಿದೆವು. ಒಂದೂಕಾಲು ಡಿಗ್ರಿಗೆ ಬಂತು. ಮುಂದಿನ ಟೋ ಸೊನ್ನೆ. ಹಿಂದೆ ಒಂದೂಮುಕ್ಕಾಲು ಡಿಗ್ರಿ, ಎರಡೂ ಚಕ್ರಕ್ಕೆ ಸಮನಾಗಿ ತುಸು ಟೋ-ಇನ್. ಎಂಜಿನ್ ಭಾರ ನಡುವಿನಿಂದ ಹಿಂದಕ್ಕಿರುವ ಕಾರಿನಲ್ಲಿ ಹಿಂಚಕ್ರ ಹೊರಕ್ಕೆ ತಿರುಗಿದ್ದರೆ ಬ್ರೇಕ್ ಹಾಕಿದಾಗ ಬಾಲ ತಿರುಗುತ್ತದೆ. ಅಲ್ಲಿ ರಾಜಿಯಿಲ್ಲ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತಾದ ಕೂಡಲೇ ಟೈರಿನ ಒಳಅಂಚು, ನಡು, ಹೊರಅಂಚುಗಳ ಬಿಸಿ ಅಳೆದು ಬರೆದುಕೊಳ್ಳಲು ಹೇಳಿದ್ದೇನೆ. ಹೊರಅಂಚೇ ಹೆಚ್ಚು ಬಿಸಿಯಾಗಿದ್ದರೆ ಆಗ ಇನ್ನಷ್ಟು ಒಳವಾಲಿನ ಮಾತಾಡೋಣ.

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗೆ ಹೋಗುವ ವರ್ತುಲ ರಸ್ತೆಯಲ್ಲಿ, ನಂದಿ ಬೆಟ್ಟದ ದಾರಿಯಲ್ಲಿ, ಭಾನುವಾರ ನಸುಕಿಗೇ ಬರುವ ಹುಡುಗರಿಗೆ ನನ್ನ ಮಾತು ಇಷ್ಟು. ಕಾರಿನ ವೇಗ ನೋಡುವ ಆಸೆಯಿದ್ದರೆ ಟ್ರ್ಯಾಕಿಗೆ ಹೋಗಿ. ಈ ರಸ್ತೆಗಳ ಪಕ್ಕ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುವ ನಮ್ಮ ಜನರಿದ್ದಾರೆ. ಅಲೈನ್‌ಮೆಂಟಿಗೆ ಹೋದಾಗ ನಾಲ್ಕೂ ಚಕ್ರ ನೋಡಿಸಿ, ನಿಮ್ಮ ತೂಕದಷ್ಟು ಭಾರ ಸೀಟಿನಲ್ಲಿಡಿಸಿ, ಮೊದಲಿನ ಮತ್ತು ಆಮೇಲಿನ ಅಳತೆಯ ಹಾಳೆ ಕೈಗೆ ಬರುವವರೆಗೆ ಅಂಗಡಿ ಬಿಟ್ಟು ಹೊರಡಬೇಡಿ.