ಆಸ್ಕರ್ ಇಲ್ಲದ ಮಾಂತ್ರಿಕ

ಹ್ಯಾರಿ ಪಾಟರ್ ಸರಣಿಗೆ ಒಂದೇ ಒಂದು ಆಸ್ಕರ್ ಕೂಡ ಬಂದಿಲ್ಲವೆಂದು ಭಾನುವಾರ ಟಿವಿ ಮುಂದೆ ನಾನು ಯಾವ ಗಳಿಗೆಯಲ್ಲಿ ಬಾಯಿಬಿಟ್ಟೆನೋ! ಅಣ್ಣನ ಮಗಳು ನನ್ನನ್ನು ನೋಡಿದ ನೋಟಕ್ಕೆ ವೋಲ್ಡೆಮಾರ್ಟನೇ ವಾಸಿ ಅನ್ನಿಸಿತು. '2001ರಿಂದ 2011ರವರೆಗೆ 8 ಸಿನಿಮಾ, 12 ನಾಮನಿರ್ದೇಶನ, ಗೆದ್ದದ್ದು ಸೊನ್ನೆ' ಎಂದು ಲೆಕ್ಕ ಒಪ್ಪಿಸುವಷ್ಟರಲ್ಲಿ ನನ್ನ ಮುಂದಿದ್ದ ಚಕ್ಕುಲಿ ತಟ್ಟೆ ಮಾಯ.

"ಚಿಕ್ಕಪ್ಪ, ನಿಂಗೆಷ್ಟು ಆಸ್ಕರ್ ಬಂದಿದೆ?"

ನನಗೆ ಬಂದಿರುವುದು ಬಡಾವಣೆಯ ರಾಜ್ಯೋತ್ಸವದ ನಿಂಬೆಹಣ್ಣು-ಚಮಚ ಓಟದಲ್ಲಿ ಸಮಾಧಾನಕರ ಬಹುಮಾನ: ಒಂದು ಸ್ಟೀಲ್ ಡಬ್ಬಿ. ಅದರ ಮೇಲೆ ಕೆತ್ತಿಸಿದ ಹೆಸರು ಸಂಘದ ಅಧ್ಯಕ್ಷರದು. ಈಗ ಒಳಗೆ ಸಾಸಿವೆ ಇದೆ.

ಪಾಪ, ಆಸ್ಕರ್‌ನವರು ಮಾಂತ್ರಿಕರ ಶತ್ರುಗಳೇನಲ್ಲ. 2004ರಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್'ನ ಮೂರನೇ ಭಾಗಕ್ಕೆ 11ಕ್ಕೆ 11ನ್ನೂ ಧಾರೆ ಎರೆದುಕೊಟ್ಟರು. ಗಡ್ಡದ ಮುದುಕ ಅಲ್ಲೂ ಇದ್ದ, ಇಲ್ಲೂ ಇದ್ದ. ಜಾತಕ ಬೇರೆ, ಅಷ್ಟೆ. ಆದರೆ ಆ ಹನ್ನೊಂದು ಯಾವ್ಯಾವುದಕ್ಕೆ ಬಂತು ಅಂದರೆ ನಾನು ಫ್ಯಾನ್ ನೋಡುತ್ತೇನೆ. ಹಾಗ್ವಾರ್ಟ್ಸ್ ರೈಲು ಎಲ್ಲಿ ಹತ್ತಬೇಕು ಅಂತ ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತೇನೆ: ಕಿಂಗ್ಸ್ ಕ್ರಾಸ್, ಒಂಬತ್ತೂಮುಕ್ಕಾಲನೇ ಪ್ಲಾಟ್‌ಫಾರ್ಮ್! ಲಂಡನ್ನಿನ ಆ ನಿಲ್ದಾಣದಲ್ಲಿ ಗೋಡೆಯೊಳಗೆ ಅರ್ಧ ಹೊಕ್ಕ ಟ್ರಾಲಿ ಇಟ್ಟಿದ್ದಾರೆ. ಜನ ಸಾಲುಗಟ್ಟಿ ನಿಂತು, ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಅದನ್ನು ತಳ್ಳುವಂತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು ಸ್ವಾಮಿ? ನಾನೇನಾದರೂ ನಮ್ಮೂರ ಸ್ಟೇಷನ್ನಿನಲ್ಲಿ ಟ್ರಾಲಿ ಸಮೇತ ಗೋಡೆಗೆ ನುಗ್ಗಿದರೆ ರೈಲ್ವೆ ಪೊಲೀಸರೂ ಫೋಟೊ ತೆಗೆದಾರು, ಎದುರಿನಿಂದ ಒಂದು, ಪಕ್ಕದಿಂದ ಒಂದು.